ದುರ್ಗಾಂಬಿಕಾ ತನ್ನ ಸೀರೆ ತಾನೇ ಆರಿಸಿದ್ದು

ನಮ್ಮ ಅಂಗಡಿಗೆ ಬರುವ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ಸೀರೆ ಕೊಳ್ಳುವುದು ದುರ್ಗಾಂಬಿಕಾಳ ಹೆಗಲು ನೋಡಿ. ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ ಇದು. ಅವಳ ಪಕ್ಕದಲ್ಲೇ ನಿಂತು, ಅವಳು ಬಿಚ್ಚಿದ್ದನ್ನು ಮಡಚುವವಳು ನಾನು, ಶಾಂತಲಾ, ಕಂಡದ್ದನ್ನೇ ಹೇಳುತ್ತೇನೆ. ಕೌಂಟರಿನ ಮೇಲೆ ಹರವಿದಾಗ ಜೀವವೇ ಇಲ್ಲದಂತೆ ಬಿದ್ದಿರುವ ಸೀರೆಯನ್ನು ಅವಳು ಎತ್ತಿ, ಒಮ್ಮೆ ಕೊಡವಿ, ಎಡಹೆಗಲಿಗೆ ಸೆರಗು ಹಾಕಿಕೊಂಡು ಕೊಂಚ ಓರೆಯಾಗಿ ನಿಂತಳೆಂದರೆ ಮುಗಿಯಿತು. ಎದುರಿಗೆ ಕೂತ ಹೆಂಗಸು "ಅದೇ ಇರ್ಲಿ ಬಿಡ್ರಿ" ಎನ್ನುತ್ತಾಳೆ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತಾಗ ಆ ಹೆಗಲು ತನ್ನದಲ್ಲ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಫಾಲ್ ಹೊಲಿಸಿ ಆಗಿರುತ್ತದೆ.

ಚನ್ನಗಿರಿ ಪೇಟೆಯಲ್ಲಿ ನಮ್ಮ ಸಾವ್ಕಾರ್ರು ಮಲ್ಲಿಕಾರ್ಜುನಪ್ಪನವರ ಜವಳಿ ಅಂಗಡಿ ಹಳೆಯದು. ಗಿರಾಕಿಗಳಿಗೆ ಕೂರಲು ಕೆಂಪು ರೆಕ್ಸಿನ್ನಿನ ಮೆತ್ತನೆ ಕುರ್ಚಿಗಳಿವೆ. ನಾವು ಕೌಂಟರಿನ ಈಚೆ, ಬೆಳಿಗ್ಗೆ ಬಂದವರು ಸಂಜೆಯವರೆಗೆ ನಿಂತೇ ಇರಬೇಕು. ದೀಪಾವಳಿ ಹತ್ತಿರ ಬಂದಂತೆ ಅಡಿಕೆ ಕೊಯ್ಲೂ ಶುರುವಾಗಿರುತ್ತದೆ. ಆಗ ನೋಡಬೇಕು ಜನರನ್ನು. ಸಂತೇಬೆನ್ನೂರಿನಿಂದ, ಕೆರೆಬಿಳಚಿಯಿಂದ, ಅತ್ತ ನ್ಯಾಮತಿ ಕಡೆಯಿಂದಲೂ ಕಾರು, ಟೆಂಪೋ ಮಾಡಿಕೊಂಡು ಮನೆಮಂದಿಯೆಲ್ಲ ಬರುತ್ತಾರೆ. ಗಂಡಸರು ಬಾಗಿಲಲ್ಲೇ ನಿಂತು ಅಡಿಕೆ ರೇಟು ಮಾತಾಡುತ್ತಾರೆ, ಹೆಂಗಸರು ಒಳಗೆ ಬಂದು ಆ ರೇಟಿಗೆ ತಕ್ಕ ಸೀರೆ ಕೇಳುತ್ತಾರೆ.

ಸತ್ತವರ ಹೆಸರಿನಲ್ಲೂ ವ್ಯಾಪಾರ ಜೋರು. ನಮ್ಮ ಕಡೆ ದೀಪಾವಳಿಗೆ ಹಿರಿಯರಿಗೆ ಎಡೆ ಇಡುವಾಗ ಹೊಸ ಬಟ್ಟೆ ಇಟ್ಟು ಪೂಜೆ ಮಾಡುತ್ತಾರೆ, ಆಮೇಲೆ ಅದನ್ನು ಮನೆಯವರೇ ಉಡುತ್ತಾರೆ. ಹೋದ ವರ್ಷ ಒಬ್ಬ ಸೊಸೆ ತೀರಿಹೋದ ಅತ್ತೆಗೆಂದು ಮಿರಿಮಿರಿ ಮಿಂಚುವ ನೆಟ್ ಸೀರೆ ಎತ್ತಿಕೊಂಡು "ನಮ್ಮತ್ತೆಗೆ ಈ ಬಣ್ಣ ಅಂದ್ರೆ ಪ್ರಾಣ ಇತ್ತು ಕಣ್ರೀ" ಎಂದಳು. ಆ ಅತ್ತೆಯನ್ನು ನಾನು ಬಲ್ಲೆ. ಜನ್ಮದಲ್ಲಿ ಚೌಕಳಿ ನೂಲಿನ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ನನಗೆ ನಗು ತಡೆಯಲಾಗಲಿಲ್ಲ, ದುರ್ಗಕ್ಕ ಕಾಲು ತುಳಿದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ತಗೊಳ್ಳಿ ಅಮ್ಮ, ಅವರ ಆತ್ಮ ತಣ್ಣಗಿರ್ಲಿ" ಎಂದು ಕವರಿಗೆ ಹಾಕಿ ಕೊಟ್ಟಳು.

ಇಷ್ಟೆಲ್ಲ ಊರಿಗೆ ಆರಿಸಿ ಕೊಡುವವಳಿಗೆ ಹಬ್ಬದಲ್ಲಿ ಸಿಗುವುದೇನು? ಅಮಾವಾಸ್ಯೆಯ ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮುಗಿದ ಮೇಲೆ ಸಾವ್ಕಾರ್ರ ಹೆಂಡತಿ ಶಾಂತಾದೇವಮ್ಮ ನಮಗೆಲ್ಲ ಒಂದೊಂದು ಕವರ್ ಕೊಡುತ್ತಾರೆ. ಒಳಗೆ ಸ್ವೀಟ್ ಬಾಕ್ಸು, ಒಂದು ಸೀರೆ. ಆ ಸೀರೆ ಎಂಥದ್ದು ಎಂದು ಕೇಳಬೇಡಿ. ಸೀಜನ್ನಿನಲ್ಲಿ ಯಾರೂ ಮೂಸಿ ನೋಡದೆ ಉಳಿದದ್ದು, ಬಿಚ್ಚಿ ಮಡಚಿ ಬಿಚ್ಚಿ ಮಡಚಿ ನಮ್ಮ ಕೈಗೇ ಬೇಸರ ಬಂದದ್ದು. ನಾವು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದೆವು. ಬಸ್ಸಿನಲ್ಲಿ ಕೂತ ಮೇಲೆ ಕವರ್ ತೆರೆದು ಬೈಯುತ್ತಿದ್ದೆವು.

ಹೋದ ವರ್ಷ ದುರ್ಗಕ್ಕನ ಪಾಲಿಗೆ ಬಂದದ್ದು ಕಾಫಿಪುಡಿ ಬಣ್ಣದ ಮೇಲೆ ಗಿಳಿಹಸಿರು ಹೂವಿನದು. ಥೂ, ಈಗಲೂ ಕಣ್ಣಿಗೆ ಕಟ್ಟುತ್ತದೆ. ಅದನ್ನು ಉಟ್ಟು ಅವಳು ಗೋವಿನಕೋವಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಳು. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಹೊನ್ನಾಳಿಯ ಹೆಂಗಸೊಬ್ಬಳು ಅನ್ನ ಕಲಸುತ್ತಾ ಇವಳನ್ನೇ ನೋಡಿದಳು, ನೋಡಿದಳು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಏ, ಇದು ನಾವು ಬ್ಯಾಡ ಅಂತ ಬಿಟ್ಟುಬಂದ ಸೀರೆ ಅಲ್ವೇನ್ರೀ? ಕೊನೀಗೆ ನಿಮ್ಗೇ ಬಂತಾ!" ಎಂದು ನಕ್ಕಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಂಕ್ತಿಯೆಲ್ಲ ನಕ್ಕಿತು. ಹೋಳಿಗೆ ಬರುವ ಮುಂಚೆಯೇ ದುರ್ಗಕ್ಕ ಎದ್ದು ಕೈ ತೊಳೆದಳು.

"ಹೊಟ್ಟೆಯಾಗೆ ಬೆಂಕಿ ಬಿದ್ದಂಗಾತು ಕಣೇ ಶಾಂತಲಾ," ಎಂದು ಮಾರನೆಯ ದಿನ ನನ್ನ ಹತ್ತಿರ ಹೇಳಿದಳು. "ಊರೋರು ಬ್ಯಾಡ ಅಂದಿದ್ದು ಉಟ್ಕೊಂಡು ಊರೋರ ಮುಂದೇನೆ ಓಡಾಡ್ತೀನಲ್ಲೇ. ಮುಂದಿನ ವರ್ಷ ನನ್ನ ಸೀರೆ ನಾನೇ ಆರಿಸ್ತೀನಿ. ನೋಡ್ತಿರು."

ದುಡ್ಡು ಕೊಟ್ಟು ಒಂದು ಕೊಂಡುಕೊಂಡರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಮಗಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿಲ್ಲ, ಅಷ್ಟೇ. ಅವಳ ಗಂಡ ಕೆಂಚೇಶ್ ಗೂಡ್ಸ್ ಆಟೋ ಓಡಿಸುತ್ತಾನೆ, ಒಳ್ಳೆಯವನೇ, ಆದರೆ ಅವನ ದುಡಿಮೆ ಆಟೋದ ಹೊಟ್ಟೆಗೇ ಸಾಲದು. ನಮ್ಮಂಥ ಹೆಂಗಸರ ಟ್ರಂಕಿನಲ್ಲಿರುವ ಸೀರೆಗಳೆಲ್ಲ ಯಾರೋ ಮದುವೆಯಲ್ಲಿ ಮುಯ್ಯಿ ಮಾಡಿದ್ದು, ಯಾರೋ ಉಡಿ ತುಂಬಿದ್ದು. ದುರ್ಗಕ್ಕನಿಗೆ ಹುಟ್ಟಿನಿಂದಲೂ ಅದೇ ಕತೆ. ಅವಳ ತವರು ಜಗಳೂರು ಕಡೆ. ಅಪ್ಪ ಹನುಮಣ್ಣ ಈರುಳ್ಳಿ ಬೆಳೆಯುತ್ತಿದ್ದ, ಅಕ್ಕಂದಿರ ಲಂಗಗಳು ಕೊನೆಗೆ ಇವಳಿಗೆ ಇಳಿಯುತ್ತಿದ್ದವು. ಮದುವೆಗೆ ಗಂಡಿನ ಕಡೆಯವರು ಜವಳಿ ತರಲು ಹೋದಾಗ ಹಿರಿಯರೆಲ್ಲ ಹೋದರು, ಮದುಮಗಳನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಧಾರೆ ಸೀರೆಯ ಬಣ್ಣ ಅವಳಿಗೆ ಗೊತ್ತಾದದ್ದು ಉಡಿಸುವಾಗಲೇ. ಮಗಳು ಉಷಾರಾಣಿ ಈಗ ಹೊನ್ನಾಳಿಯ ಹಾಸ್ಟೆಲಿನಲ್ಲಿ ಕೂತು ಮೊಬೈಲಿನಲ್ಲೇ ಚೂಡಿದಾರ ಆರಿಸುತ್ತಾಳೆ. "ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕಳಿಸ್ಬೋದಂತೆ ಕಣೇ," ಎಂದು ದುರ್ಗಕ್ಕ ಒಂದು ದಿನ ಕಣ್ಣರಳಿಸಿ ಹೇಳಿದಳು.

ಈ ಸಲ ಹಬ್ಬದ ಮಾಲು ಬಂದು ಇಳಿದ ದಿನವೇ ಅವಳು ಗಲ್ಲಾದ ಮುಂದೆ ಹೋಗಿ ನಿಂತಳು. ಸಾವ್ಕಾರ್ರ ಪಕ್ಕದಲ್ಲಿ ಶಾಂತಾದೇವಮ್ಮನವರೂ ಇದ್ದರು.

"ಸಾವ್ಕಾರ್ರೆ, ಈ ಸಲ ಹಬ್ಬದ ಸೀರೆ ನಂದು ನಾನೇ ಆರಿಸ್ಕೋತೀನಿ. ಅಷ್ಟೇ ರೇಟಿನಾಗೆ. ಜಾಸ್ತಿ ಕೇಳಾಕಿಲ್ಲ. ಆದ್ರೆ ಉಳಿದಿದ್ರಾಗಲ್ಲ, ಹಬ್ಬಕ್ಕೆ ಮುಂಚೆ, ಈ ಹೊಸ ಮಾಲಿನಾಗೆ."

ಸಾವ್ಕಾರ್ರು ಏನೂ ಹೇಳುವ ಮೊದಲೇ ಶಾಂತಾದೇವಮ್ಮ ನಕ್ಕುಬಿಟ್ಟರು. "ಅಲ್ವೇ ದುರ್ಗಮ್ಮ, ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡ್ತಾರೇನೆ?"

"ದಾನ ಅಲ್ರೀ ಅಮ್ಮಾರೆ," ಎಂದಳು ದುರ್ಗಕ್ಕ. ದನಿ ಏರಿಸಲಿಲ್ಲ. "ದುಡಿದಿದ್ದು."

ಸಾವ್ಕಾರ್ರು ಕನ್ನಡಕ ತೆಗೆದು ಒರೆಸಿಕೊಂಡು "ನೋಡಾಣ ಬಿಡು, ಹಬ್ಬ ಬರ್ಲಿ" ಎಂದರು. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ನಮ್ಮ ಸಾವ್ಕಾರ್ರನ್ನು ಮೀರಿಸುವವರಿಲ್ಲ. ನಾನು ಆಮೇಲೆ ಅವಳನ್ನು ಮೂಲೆಗೆ ಕರೆದು ಬೈದೆ. "ಹುಚ್ಚು ಹಿಡಿದೈತೇನಕ್ಕ ನಿಂಗೆ? ಒಂದು ಸೀರೆಗೋಸ್ಕರ ಕೆಲಸ ಕಳ್ಕೋತೀಯಾ? ಬೇಕಾದ್ರೆ ಒಂದು ಚೆಂದಂದು ಗಂಟಿನ ಕೆಳಗೆ ಮುಚ್ಚಿಡು, ಉಳಿದಿದ್ದು ಅಂತ ನಿನ್ನ ಕವರಿಗೆ ಹಾಕ್ಸಿದ್ರಾತು." ಎಲ್ಲ ಅಂಗಡಿಗಳಲ್ಲೂ ನಡೆಯುವ ಉಪಾಯ ಅದು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕದ್ದಿಟ್ಕಂಡಿದ್ದು ಆರಿಸಿದ್ದು ಹೆಂಗಾಗತೈತೆ?" ಎಂದು ಕೇಳಿ ತನ್ನ ಜಾಗಕ್ಕೆ ಹೋದಳು.

ದಿನ ಕಳೆದವು, ಸಾವ್ಕಾರ್ರು ಆ ಮಾತೇ ಎತ್ತಲಿಲ್ಲ. ಹಬ್ಬಕ್ಕೆ ಇನ್ನೊಂದು ವಾರ ಎನ್ನುವಾಗ, ಜನ ಕಾಲಿಡಲು ಜಾಗವಿಲ್ಲದಷ್ಟು ತುಂಬಿದ್ದ ಒಂದು ಸೋಮವಾರ, ದುರ್ಗಕ್ಕ ಸೀರೆಯನ್ನು ಹೆಗಲಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು.

ಕೆಲಸ ನಿಲ್ಲಿಸಲಿಲ್ಲ, ನೆನಪಿರಲಿ. ಕರೆದವರಿಗೆಲ್ಲ ತೋರಿಸಿದಳು, ಬಿಚ್ಚಿದಳು, ಅಂಚು ಹಿಡಿದು ಬೆಳಕಿಗೆ ಒಡ್ಡಿದಳು. "ಮೈಮೇಲೆ ಹಾಕ್ಕೊಂಡು ತೋರಿಸ್ರೀ" ಎಂದವರಿಗೆ ಮಾತ್ರ "ಕೌಂಟರ್ ಮ್ಯಾಲೆ ನೋಡ್ರಿ ಅಮ್ಮ" ಎಂದಳು. ಯಾಕೆಂದು ನಾನು ಕಿವಿಯಲ್ಲಿ ಕೇಳಿದರೆ, "ನನ್ನ ಮೈಮೇಲಿನ ಸೀರೆ ಆರಿಸಾಕೆ ನನಗೆ ಹಕ್ಕಿಲ್ಲ ಅಂದ್ಮೇಲೆ, ಊರೋರ ಸೀರೆ ಯಾಕೆ ನನ್ನ ಮೈಮೇಲೆ?" ಎಂದಳು. ಹೆಂಗಸರು ಹರವಿದ್ದನ್ನು ಮುಟ್ಟಿದರು, ತಿರುವಿದರು, "ಯಾಕೋ ಎದ್ದು ಕಾಣಾಕಿಲ್ಲ" ಎಂದು ಮೂಗು ಮುರಿದು ಎದ್ದರು. ಹಾಗೆ ಎದ್ದವರಲ್ಲಿ ಅರ್ಧ ಜನ ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಸಾವ್ಕಾರ್ರು ಗಲ್ಲಾದಲ್ಲಿ ಕೂತೇ ನೋಡಿದರು. ಬೇರೆ ಹುಡುಗಿಯರಿಗೆ ಹೆಗಲಿಲ್ಲವೇ ಎಂದು ನೀವು ಕೇಳಬಹುದು. ಇದೆ. ನನಗೂ ಇದೆ. ಸಾವ್ಕಾರ್ರು ನನ್ನನ್ನೇ ಮುಂದೆ ನಿಲ್ಲಿಸಿದರು. ನಾನು ಸೆರಗು ಹಾಕಿಕೊಂಡು ನಿಂತರೆ ಗೂಟಕ್ಕೆ ಟವೆಲ್ ನೇತುಹಾಕಿದ ಹಾಗೆ ಕಾಣುತ್ತೇನೆ, ಅದಕ್ಕೆ ನಾನೇನು ಮಾಡಲಿ.

ಎರಡನೆಯ ದಿನ ಸಾವ್ಕಾರ್ರಿಗೆ ತಾಳ್ಮೆ ತಪ್ಪಿತು. ಜನರ ನಡುವೆಯೇ ಬಂದು ಹಲ್ಲು ಕಚ್ಚಿಕೊಂಡು, "ಏನು ದುರ್ಗಮ್ಮ, ಸೀಜನ್ ಟೈಮಿನಾಗೆ ಆಟ ಆಡ್ತೀಯಾ? ಹಬ್ಬ ಮುಗೀಲಿ, ನಿನ್ನ ವಿಚಾರ ನೋಡ್ತೀನಿ" ಎಂದರು.

ಅವಳ ಕೈಯಲ್ಲಿ ಅರ್ಧ ಮಡಚಿದ ಸೀರೆಯಿತ್ತು. ಮಗಳ ಹಾಸ್ಟೆಲು, ಮನೆ ಬಾಡಿಗೆ, ಎಲ್ಲ ಆ ಕೈಯಲ್ಲೇ ಇತ್ತು. ಆದರೂ ಮಡಚುವುದನ್ನು ನಿಲ್ಲಿಸದೆ ಹೇಳಿದಳು: "ಹಬ್ಬ ಮುಗಿದ್ಮೇಲೆ ನನ್ನ ವಿಚಾರ ನೋಡ್ರಿ ಸಾವ್ಕಾರ್ರೆ, ನೀವು ಹೇಳ್ದಂಗೆ ಕೇಳ್ತೀನಿ. ಹಬ್ಬಕ್ಕೆ ಮುಂಚೆ ನನ್ನ ಸೀರೆ ತೋರಿಸ್ರಿ."

ಅವಳು ಹಿಡಿದ ಪಟ್ಟು ಬಿಡುವವಳಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಸಾವ್ಕಾರ್ರಿಗೂ ಆಗಿರಬೇಕು. ಸಂಜೆ ಬಾಗಿಲು ಹಾಕುವಾಗ ಯಾರ ಮುಖವನ್ನೂ ನೋಡದೆ ಹೇಳಿದರು: "ನಾಳೆ ಬೆಳಿಗ್ಗೆ ಆರಿಸ್ಕೋ, ಮಾರಾಯ್ತಿ. ಬೋಣಿ ಆದ್ಮೇಲೆ." ಮೊದಲ ವ್ಯಾಪಾರ ಆಗದೆ ಪುಕ್ಕಟೆಯಾಗಿ ಒಂದು ದಾರವೂ ಹೊರಗೆ ಹೋಗಬಾರದು, ಅದು ಅವರ ತಂದೆಯ ಕಾಲದ ನೇಮ.

ಮಾರನೆಯ ದಿನ ಬೋಣಿ ಬೇಗ ಆಯಿತು. ಯಾರೋ ಒಂದು ಪಂಚೆ ಕೊಂಡುಹೋದರು. ದುರ್ಗಕ್ಕ ಕೌಂಟರಿನ ಹಲಗೆ ಎತ್ತಿ ಆಚೆ ಹೋದಳು. ಸೀದಾ ಹೋಗಿ ಕೆಂಪು ಕುರ್ಚಿಯ ಮೇಲೆ ಕೂತಳು. ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಕೂತದ್ದನ್ನು ನಾನು ಕಂಡಿರಲಿಲ್ಲ. ಕೂತ ಕೂಡಲೇ ರೆಕ್ಸಿನ್ನು ಪುಸ್ಸೆಂದಿತು, ಅವಳು ಬೆಚ್ಚಿಬಿದ್ದು ಆಮೇಲೆ ಸರಿಯಾಗಿ ಒರಗಿಕೊಂಡಳು.

"ಅಲ್ಲಿಂದ್ಯಾಕೆ? ಒಳಗೆ ಬಂದು ಎತ್ಕೋ" ಎಂದರು ಸಾವ್ಕಾರ್ರು.

"ಶಾಂತಲಾ ತೋರಿಸ್ತಾಳೆ ಬಿಡ್ರಿ" ಎಂದಳು ಅವಳು.

ಸರಿ, ತೋರಿಸಿದೆ. ಮೊದಮೊದಲು ನನಗೆ ತಮಾಷೆಯಾಗಿತ್ತು. "ಇದೇ ಅಂಚಿನಾಗೆ ಬ್ಯಾರೆ ಬಣ್ಣ ಐತಾ?" ಎಂದಳು, ತಂದೆ. "ಮೇಲಿನ ಸಾಲಿನಾಗೆ ಆ ತುದೀದು?" ಎಂದಳು, ಏಣಿ ಹತ್ತಿದೆ. "ಅದಲ್ಲ, ಅದರ ಪಕ್ಕದ್ದು." ಮತ್ತೆ ಹತ್ತಿದೆ. ಇವಳಿಗೆ ಇಷ್ಟು ಸೊಕ್ಕು ಎಲ್ಲಿತ್ತು ಶಿವನೇ ಎಂದುಕೊಂಡೆ. ಸೀರೆಗಳ ಗುಡ್ಡೆ ನನ್ನ ಎದೆಮಟ್ಟ ಬಂತು. ಆಗ ಅವಳ ಕೈ ಗಮನಿಸಿದೆ. ಒಂದನ್ನು ಮುಟ್ಟುವುದು, ಬಿಡುವುದು. ಇನ್ನೊಂದನ್ನು ಮುಟ್ಟುವುದು, ಬಿಡುವುದು.

"ಅಕ್ಕ, ನಿಂಗೆ ಯಾವ ಬಣ್ಣ ಇಷ್ಟ, ಅದನ್ನಾದ್ರೂ ಹೇಳು," ಎಂದೆ.

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು. "ಗೊತ್ತಿಲ್ಲ ಕಣೇ," ಎಂದಳು. "ಕಪ್ಪಗಿರೋರಿಗೆ ಯಾವುದು ಒಪ್ಪತೈತೆ, ದಪ್ಪ ಇರೋರಿಗೆ ಯಾವುದು ಒಪ್ಪತೈತೆ, ಎಲ್ಲಾ ಗೊತ್ತು. ನಂಗೇನು ಇಷ್ಟ ಅಂತ ಯಾರೂ ಕೇಳ್ಲೇ ಇಲ್ವಲ್ಲೇ. ನಾನೂ ಕೇಳ್ಕೊಂಡಿಲ್ಲ."

ನನ್ನ ಕೈಯಲ್ಲಿದ್ದ ಸೀರೆ ಜಾರಿತು. ಅಷ್ಟು ಹೊತ್ತು ಅವಳ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಇವತ್ತು ಕೇಳ್ಕೋ," ಎಂದೆ. "ಅವಸರ ಏನಿಲ್ಲ. ನಾನಿಲ್ಲೇ ನಿಂತಿರ್ತೀನಿ."

ಅವಳು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ನೋಡಲು ಶುರುಮಾಡಿದಳು. ಈ ಸಲ ಅವಸರವಿರಲಿಲ್ಲ. ಯಾರಿಗೆ ಒಪ್ಪುತ್ತದೆ ಎಂಬ ಲೆಕ್ಕವೂ ಇರಲಿಲ್ಲ. ಗುಡ್ಡೆಯ ನಡುವಿನಿಂದ ಒಂದು ಸೀರೆಯ ಅಂಚು ಹಿಡಿದು ಎಳೆದಳು. ಈರುಳ್ಳಿ ಸಿಪ್ಪೆಯ ಬಣ್ಣ, ಕಡುನೀಲಿ ಅಂಚು. ತೊಡೆಯ ಮೇಲೆ ಹರವಿಕೊಂಡು ಅಂಗೈಯಿಂದ ಸವರಿದಳು. "ನಮ್ಮಪ್ಪ ಈರುಳ್ಳಿ ಒಣಗಾಕಿದಾಗ ಅಂಗಳ ಎಲ್ಲಾ ಹಿಂಗೇ ಕಾಣ್ತಿತ್ತು," ಎಂದಳು. "ಬೆಳಿಗ್ಗೆ ಬಿಸಿಲಿಗೆ. ನಾನು ಅದ್ರ ಮ್ಯಾಲೆ ಉಳ್ಳಾಡಿ ಬೈಸ್ಕೋತಿದ್ದೆ. ಇದು ಕಣೇ. ಇದೇ ನಂಗಿಷ್ಟ."

ಕೈಗೆ ಬಂದದ್ದು ಬಾಯಿಗೆ ಬರಬಾರದೆಂದು ಹಣೆಯಲ್ಲಿ ಬರೆದಿರುತ್ತದೆಯೋ ಏನೋ. ಅಷ್ಟು ಹೊತ್ತಿಗೆ ಕೆರೆಬಿಳಚಿಯಿಂದ ಒಂದು ದೊಡ್ಡ ಕುಟುಂಬ ಒಳಗೆ ಬಂತು. ನಮ್ಮ ಹಳೆಯ ಗಿರಾಕಿಗಳು, ವರ್ಷಕ್ಕೆ ಕಟ್ಟುಗಟ್ಟಲೆ ಬಟ್ಟೆ ಒಯ್ಯುವವರು. ಈ ವರ್ಷ ಮಗಳ ಮದುವೆಯಾಗಿತ್ತು. ಮಗಳು ಅಳಿಯನಿಗೆ ಮೊದಲ ದೀಪಾವಳಿ, ಮಗಳನ್ನೂ ಕರೆದುಕೊಂಡು ಅವರಿಗೇ ಬಟ್ಟೆ ಕೊಳ್ಳಲು ಬಂದಿದ್ದರು. ತಾಯಿ ಕೂತವಳೇ ಪಕ್ಕಕ್ಕೆ ತಿರುಗಿ ದುರ್ಗಕ್ಕನ ತೊಡೆಯ ಮೇಲಿನ ಸೀರೆಗೆ ಕೈ ಹಾಕಿದಳು.

"ಅಯ್ಯೋ, ಇದು ಭಾಳ ಚೆನ್ನಾಗೈತೆ ಸಾವ್ಕಾರ್ರೆ. ನಮ್ಮ ಹುಡುಗೀಗೆ ಇದೇ ಹಾಕ್ರಿ."

"ಇನ್ನೊಂದು ತೆಗೀಲೇ ಶಾಂತಲಾ," ಎಂದರು ಸಾವ್ಕಾರ್ರು.

"ಒಂದೇ ಪೀಸ್ ಬಂದಿರೋದು," ಎಂದೆ.

ಸಾವ್ಕಾರ್ರು ದುರ್ಗಕ್ಕನ ಹತ್ತಿರ ಬಂದು ಬಗ್ಗಿ, ಮೆತ್ತಗೆ ಹೇಳಿದರು. "ಕೊಟ್ಬಿಡು ದುರ್ಗಮ್ಮ. ಮಗಳ ಮೊದಲ್ನೇ ದೀಪಾವಳಿ ಅಂತೆ. ನೀನು ಇದಕ್ಕಿಂತ ಚೆನ್ನಾಗಿರೋದು ತಗೋ, ಎರಡು ತಗೋ, ನಾನೇನೂ ಅನ್ನಾಕಿಲ್ಲ."

ಎರಡು! ನಾನಾಗಿದ್ದರೆ ಆ ಕ್ಷಣವೇ ಕೊಟ್ಟುಬಿಡುತ್ತಿದ್ದೆ. ಅವಳ ಬೆರಳುಗಳು ಸೀರೆಯನ್ನು ಮಡಚಲು ತಾವಾಗಿಯೇ ಹೊರಟವು. ವರ್ಷಗಟ್ಟಲೆಯ ಅಭ್ಯಾಸ, ಗಿರಾಕಿ ಕೇಳಿದರೆ ಕೈ ಮಡಚಿ ಕೊಡುತ್ತದೆ. ಅರ್ಧ ಮಡಚಿ, ನಿಂತಳು. ಆಮೇಲೆ ಸೀರೆಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಳು.

"ನಂಗೂ ಇದು ಮೊದಲ್ನೇದೇ ಸಾವ್ಕಾರ್ರೆ," ಎಂದಳು. "ಕೊಡಾಕಿಲ್ಲ."

ಕೆರೆಬಿಳಚಿಯ ತಾಯಿಗೆ ತಲೆಬುಡ ಅರ್ಥವಾಗಲಿಲ್ಲ. "ಯಾಕ್ರೀ, ನೀವು ಇಲ್ಲಿ ಕೆಲಸ ಮಾಡೋರಲ್ವಾ?"

"ಹೌದ್ರೀ ಅಮ್ಮ. ಈ ಸೀರೆ ಮಟ್ಟಿಗೆ ಗಿರಾಕಿ."

ಸಾವ್ಕಾರ್ರ ಮುಖ ಕೆಂಪಾಯಿತು. ಅವರು ಬೈದೇ ಬೈಯುತ್ತಾರೆ, ಇವಳ ಕೆಲಸ ಹೋದದ್ದೇ ಸೈ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಮಾತು ಬಂದದ್ದು ಗಲ್ಲಾದ ಕಡೆಯಿಂದ. ಶಾಂತಾದೇವಮ್ಮ ಕೂತಲ್ಲಿಂದಲೇ ಹೇಳಿದರು, "ಅದು ಆಗ್ಲೇ ವ್ಯಾಪಾರ ಆಗೈತೆ ಕಣ್ರೀ. ನಿಮ್ಗೆ ಬ್ಯಾರೆ ತೋರಿಸ್ತಾರೆ, ಕೂತ್ಕೊಳ್ಳಿ." ಅವರು ಯಾಕೆ ಹಾಗೆಂದರೋ, ಇವತ್ತಿಗೂ ನಾನು ಕೇಳಿಲ್ಲ. ಸಾವ್ಕಾರ್ರು ಹೆಂಡತಿಯ ಮುಖ ನೋಡಿದರು, ಹೋಗಿ ಫ್ಯಾನ್ ಜೋರು ಮಾಡಿದರು.

ದುರ್ಗಕ್ಕ ಎದ್ದಳು. ತನ್ನ ಸೀರೆಯನ್ನು ತಾನೇ ಕವರಿಗೆ ಹಾಕಿ ಚೀಲದೊಳಗಿಟ್ಟಳು. ಹಲಗೆ ಎತ್ತಿ ಕೌಂಟರಿನ ಈಚೆ ಬಂದಳು, ನೆರಿಗೆ ಸರಿಮಾಡಿಕೊಂಡಳು. "ಈಗ ಬರ್ರಿ ಅಮ್ಮ," ಎಂದು ತಾಯಿಯನ್ನು ಬಿಟ್ಟು ಮಗಳ ಕಡೆ ತಿರುಗಿದಳು. "ನಿಂಗೇನು ಇಷ್ಟ ಮಗಾ?"

"ಅವ್ಳಿಗೇನು ಗೊತ್ತಾಗತೈತೆ, ನಂಗೆ ತೋರಿಸ್ರಿ," ಎಂದಳು ತಾಯಿ.

"ಉಡೋಳು ಅವ್ಳಲ್ವೇನ್ರೀ," ಎಂದು ದುರ್ಗಕ್ಕ ಒಂದು ನೇರಳೆ ಸೀರೆ ಎತ್ತಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡು ನಿಂತಳು. ಅಂಗಡಿಯಲ್ಲಿದ್ದ ಅಷ್ಟೂ ಹೆಂಗಸರು ತಿರುಗಿ ನೋಡಿದರು. ಆ ಹುಡುಗಿ ನಾಚಿಕೊಂಡು ತಲೆಯಲ್ಲಾಡಿಸಿದಳು, ಅದು ಬೇಡವಂತೆ. ದುರ್ಗಕ್ಕ ಇನ್ನೊಂದು ಹಾಕಿಕೊಂಡಳು. ಅದೂ ಬೇಡ. ಕೊನೆಗೆ ತಾಯಿ ಮುಖ ಸಿಂಡರಿಸಿಕೊಂಡೇ ಇದ್ದರೂ, ಮಗಳು ಒಂದು ಅಚ್ಚ ಹಳದಿ ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದಳು.

ಅವರು ಹೋದ ಮೇಲೆ ನಾನು ಹರವಿದ್ದನ್ನೆಲ್ಲ ಮಡಚಲು ಹೊರಟೆ. ಎರಡು ಮಡಚಿದೆ. ಕೈ ಮುಂದಕ್ಕೆ ಹೋಗಲಿಲ್ಲ. ಸಂತೇಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಇಲ್ಲೂ ನಿಂತು ಊದಿಕೊಂಡ ನನ್ನ ಕಾಲುಗಳನ್ನು ನೋಡಿಕೊಂಡೆ. ಕೈಯಲ್ಲಿದ್ದದ್ದನ್ನು ಕೌಂಟರಿನ ಮೇಲಿಟ್ಟು, ಹಲಗೆ ಎತ್ತಿ ಆಚೆ ಹೋದೆ. ಸಾವ್ಕಾರ್ರು "ಎಲ್ಲಿಗಮ್ಮ ನೀನು?" ಎಂದರು. ಹೋಗಿ ಕೆಂಪು ಕುರ್ಚಿಯ ಮೇಲೆ ಕೂತೆ.

ದುರ್ಗಕ್ಕ ಕೌಂಟರಿನ ಆ ಕಡೆ ಬಂದು ನನ್ನೆದುರು ನಿಂತಳು. ನಗಲಿಲ್ಲ. ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದಳು, "ಹೇಳ್ರಿ ಅಮ್ಮಾರೆ, ಎಂಥದ್ದು ತೋರಿಸ್ಲಿ?"

"ಎಲ್ಲಾ ತೋರಿಸು," ಎಂದೆ.